ವಟ್ವಾದ ಪಾಳಿ

ಶುಕ್ರವಾರ ಸಂಜೆ ಕಾರ್ಖಾನೆಯಿಂದ ಬಂದ ದೇವಪುತ್ರ ಕೈಕಾಲು ತೊಳೆದು, ಚಹಾ ಕುಡಿದು, ಹೆಸರಿನ ಪುಸ್ತಕ ತೆಗೆದುಕೊಂಡು ಅಡಿಗೆಮನೆಯ ಬಾಗಿಲ ಬಳಿ ಕೂತ. ವಡೋದರಾದಲ್ಲಿ ಕನ್ನಡ ಮಾತಾಡುವ ಕ್ರೈಸ್ತರ ಮನೆಗಳು ಇಪ್ಪತ್ತೆರಡು. ಅವರಿಗೆ ಸ್ವಂತ ದೇವಾಲಯವಿಲ್ಲ. ಫತೇಗಂಜಿನ ಗುಜರಾತಿ ಸಭೆಯವರು ತಮ್ಮ ಆರಾಧನೆ ಮುಗಿಸಿ ಹನ್ನೊಂದು ಗಂಟೆಗೆ ಬಾಗಿಲು ಬಿಟ್ಟುಕೊಡುತ್ತಾರೆ. ಮೂರು ತಿಂಗಳಿಗೊಮ್ಮೆ ಪುಣೆಯಿಂದ ಪಾದ್ರಿ ಅಯ್ಯನವರು ಬಂದು ಕರ್ತನ ಭೋಜನ ನಡೆಸುತ್ತಾರೆ. ಅದಕ್ಕೆ ಮುಂಚೆ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವವರ ಹೆಸರನ್ನು ಸಭೆಯ ಹಿರಿಯ ಬರೆದಿಡಬೇಕು. ಹಿರಿಯ ಎಂದರೆ ಇಲ್ಲಿ ದೇವಪುತ್ರನೇ.

ಈ ಪದ್ಧತಿ ಈಗ ಊರಿನಲ್ಲೂ ಅಷ್ಟಾಗಿ ಉಳಿದಿಲ್ಲ. ಗದಗಿನ ಹತ್ತಿರದ ಹಳ್ಳಿಯಲ್ಲಿ ಅವನ ಅಪ್ಪ ಇಂಥದೇ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಮನೆಮನೆಗೆ ಹೋಗುತ್ತಿದ್ದ. ಹೆಸರು ಬರೆಯುವ ಮೊದಲು ಎಲ್ಲರಿಗೂ ಒಂದೇ ಮಾತು ಕೇಳುತ್ತಿದ್ದ: ‘ಯಾರ ಜೋಡೀಗರೆ ಮನಸ್ತಾಪ ಐತೇನು?’ ಹೊಲದ ಬದುವಿನ ಸಲುವಾಗಿ ಬಡಿದಾಡಿದ ಅಣ್ಣತಮ್ಮಂದಿರಿದ್ದರೆ, ಮೊದಲು ಅವನ ಹಂತ್ಯಾಕ ಹೋಗಿ ಬಾ ಎಂದು ಹೇಳಿ ಮುಂದಿನ ಮನೆಗೆ ನಡೆಯುತ್ತಿದ್ದ. ತಪ್ಪು ಮಾಡಿದವನು ಇನ್ನೊಬ್ಬನ ಹೊಸ್ತಿಲು ತುಳಿದು ಬರುವತನಕ ಅವನ ಹೆಸರಿಲ್ಲ. ಕೆಲವರ ಹೆಸರು ವರ್ಷಗಟ್ಟಲೆ ಇರುತ್ತಿರಲಿಲ್ಲ. ಅದಕ್ಕೆ ಯಾರೂ ಅಪ್ಪನನ್ನು ಬೈದದ್ದಿಲ್ಲ.

ಹೆಂಡತಿ ಮಹಿಮಾ ಆಸ್ಪತ್ರೆಯಲ್ಲಿ ನರ್ಸು. ಡ್ಯೂಟಿಯಿಂದ ಬಂದವಳು ಸೀರೆಯನ್ನೂ ಬದಲಿಸದೆ ರೊಟ್ಟಿ ಬಡಿಯುತ್ತಿದ್ದಳು.

“ಎಷ್ಟು ಮಂದಿ ಆದ್ರು?”

“ನಲವತ್ತೊಂದು.”

“ನಿಮ್ಮನ್ನ ಹಿಡದೋ, ಬಿಟ್ಟೋ?”

ದೇವಪುತ್ರ ಪೆನ್ನಿನ ಟೊಪ್ಪಿಗೆ ಹಾಕಿದ.

“ಈ ಸಲ ಶಿಫ್ಟಿನ ನೆವ ನಡಿಯೂದಿಲ್ಲ ನೋಡ್ರಿ,” ಎಂದಳು ಮಹಿಮಾ. “ಜನವರಿಯಿಂದ ಜನರಲ್ ಶಿಫ್ಟು. ಹೊಸಾ ನೆವ ಹುಡುಕೀರೇನು?”

ಅವಳು ನಗುತ್ತಲೇ ಕೇಳಿದ್ದಳು. ಹನ್ನೊಂದು ವರ್ಷದಿಂದ ಭೋಜನದ ಭಾನುವಾರ ಬಂತೆಂದರೆ ಅವನಿಗೆ ಡ್ಯೂಟಿ ಬೀಳುತ್ತಿತ್ತು. ಬೀಳುತ್ತಿತ್ತು ಅನ್ನುವುದಕ್ಕಿಂತ ಅವನೇ ಬೇರೆಯವರ ಡ್ಯೂಟಿ ಕೇಳಿ ಹಾಕಿಸಿಕೊಳ್ಳುತ್ತಿದ್ದ. ಪಾಪ, ದೇವಪುತ್ರಪ್ಪನವರಿಗೆ ಕಾರ್ಖಾನೆಯವರು ಒಂದು ಒಳ್ಳೆಯ ಭಾನುವಾರ ಕೊಡುವುದಿಲ್ಲ ಎಂದು ಸಭೆಯವರು ಮರುಗುತ್ತಿದ್ದರು. ಆ ಮರುಕವನ್ನೂ ಅವನು ತಲೆ ಬಗ್ಗಿಸಿ ತೆಗೆದುಕೊಂಡಿದ್ದ. ಉಳಿದ ಭಾನುವಾರಗಳಲ್ಲಿ ಬಾಗಿಲು ತೆರೆಯುವವನು, ಕುರ್ಚಿ ಹಾಕುವವನು, ಯಾರದಾದರೂ ಮನೆಯಲ್ಲಿ ಜ್ವರ ಎಂದರೆ ಮೊದಲು ಹೋಗುವವನು ಅವನೇ. ಆ ಕೆಲಸಗಳಿಂದ ಆಯಾಸವಾಗುತ್ತಿತ್ತು, ಹಗುರವಾಗುತ್ತಿರಲಿಲ್ಲ.

“ನಾಳೆ ನಾ ಸೂರತ್ತಿಗೆ ಹೋಗಬೇಕು,” ಎಂದ.

“ಸೂರತ್ತಿಗಾ? ಅಲ್ಲೇನೈತಿ?”

“ಸಿದ್ದಲಿಂಗಪ್ಪ ಅದಾನ.”

ಸಿದ್ದಲಿಂಗಪ್ಪ ಎಂಬ ಹೆಸರು ಅವಳಿಗೆ ನೆನಪಿತ್ತು. ಅವರೆಲ್ಲ ಅಹಮದಾಬಾದಿನಲ್ಲಿದ್ದಾಗಿನ ಮಾತು. ಅಲ್ಲಿನ ವಟ್ವಾದ ಒಂದು ಬಣ್ಣದ ಕಾರ್ಖಾನೆಯಲ್ಲಿ ದೇವಪುತ್ರ ಕೆಮಿಸ್ಟ್, ನರಗುಂದದ ಕಡೆಯ ಸಿದ್ದಲಿಂಗಪ್ಪ ಆಪರೇಟರ್. ಒಂದು ಮುಂಜಾನೆ ಅಲ್ಲಿ ಅಪಘಾತವಾಗಿ, ತಪ್ಪು ಸಿದ್ದಲಿಂಗಪ್ಪನದೆಂದು ಅವನ ಕೆಲಸ ಹೋಗಿತ್ತು. ಇಷ್ಟು ಅವಳಿಗೆ ಗೊತ್ತಿತ್ತು. ಉಳಿದದ್ದನ್ನು ದೇವಪುತ್ರ ಅಂದು ಹೇಳಿದ, ಪುಸ್ತಕದ ರಟ್ಟನ್ನು ನೋಡುತ್ತ.

ಪಂಪಿನ ಹತ್ತಿರ ಎರಡು ವಾಲ್ವುಗಳು ಪಕ್ಕಪಕ್ಕ ಇದ್ದವು. ಬಲಗಡೆಯದು ನೀರಿನದು, ಎಡಗಡೆಯದು ಆಸಿಡ್ಡಿನದು. ಐದೂವರೆಗೆ ದೇವಪುತ್ರ ಎಡಗಡೆಯದನ್ನು ಅರ್ಧ ತಿರುಗಿಸಿ ತೆರೆದ. ಸ್ವಲ್ಪ ಹೊತ್ತು ಬಿಟ್ಟು ಮುಚ್ಚುವುದಿತ್ತು. ಅವತ್ತು ಈಸ್ಟರ್. ಏಳರ ಆರಾಧನೆಯಲ್ಲಿ ಬೈಬಲಿನ ವಾಕ್ಯ ಓದುವುದು ಅವನ ಪಾಲಿಗೆ ಬಂದಿತ್ತು. ಓದುವ ಭಾಗವನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಓಡಾಡುತ್ತಿದ್ದ. ಆರಕ್ಕೆ ಪಾಳಿ ಬದಲಾಯಿತು, ಬಸ್ಸು ಹೊರಟಿತೆಂದು ಯಾರೋ ಕೂಗಿದರು, ಅವನು ಕೈ ಒರೆಸಿಕೊಂಡು ಓಡಿದ. ಬೆಳಗಿನ ಪಾಳಿಗೆ ಬಂದ ಸಿದ್ದಲಿಂಗಪ್ಪ ಪಂಪು ತೊಳೆಯಲೆಂದು ನೀರಿನ ವಾಲ್ವು ತಿರುಗಿಸಿ, ಮತ್ತೆ ಮುಚ್ಚಿ, ಇನ್ನು ಬಿಚ್ಚಬಹುದು ಎಂದು ಫಿಟ್ಟರ್ ರಮಣಭಾಯಿಗೆ ಹೇಳಿದ. ರಮಣಭಾಯಿ ಪೈಪು ಬಿಚ್ಚಿದ. ಬಂದದ್ದು ಆಸಿಡ್. ಅವನ ಎರಡೂ ಕಣ್ಣು ಹೋದವು. ಎದೆ, ತೋಳು, ಕಂಕುಳು ಸುಟ್ಟವು.

“ಸಿದ್ದಲಿಂಗಪ್ಪನ ಕೈ ತಪ್ಪಿ ಎಡಕ್ಕಿಂದು ತಿರುವ್ಯಾನ ಅಂತ ಆತು,” ಎಂದ ದೇವಪುತ್ರ. “ನನ್ನೂ ಕರದು ಕೇಳಿದ್ರು. ನಾ ಆರಕ್ಕ ಹೊಂಟ ಹೋಗಿದ್ದೆ ಸರ್ ಅಂದೆ. ಅಷ್ಟ ಅಂದೆ.”

ಹಂಚಿನ ಮೇಲಿದ್ದ ರೊಟ್ಟಿ ಹೊತ್ತಿ ವಾಸನೆ ಬಂತು. ಮಹಿಮಾ ಅದನ್ನು ತೆಗೆದು ಪಕ್ಕಕ್ಕಿಟ್ಟಳು.

“ಅವತ್ತು ನೀವು ಓದಿದ್ದು ನನಗ ನೆನಪೈತಿ,” ಎಂದಳು. “ಭಾಳ ಚಂದ ಓದಿದ್ರಿ.”

ಸ್ವಲ್ಪ ಹೊತ್ತಿನ ಮೇಲೆ, “ಇಷ್ಟು ವರ್ಷ ನನಗರೆ ಯಾಕ ಹೇಳಲಿಲ್ಲ?” ಎಂದು ಕೇಳಿದಳು.

“ಹೇಳಿದ್ರ ನೀ ನನ್ನ ಅವನ ಹಂತ್ಯಾಕ ಕಳಸ್ತಿದ್ದಿ.”

ಅವಳು ಇನ್ನೊಂದು ಹಿಟ್ಟಿನ ಉಂಡೆ ತೆಗೆದುಕೊಂಡಳು. “ನಾಳೆ ಬ್ಯಾಗಿನ್ಯಾಗ ರೊಟ್ಟಿ ಕಟ್ಟಿಡ್ತೇನಿ. ಹಸಗೊಂಡು ಹೋಗಬ್ಯಾಡ್ರಿ,” ಎಂದಳು.

*

ಶನಿವಾರ ಬೆಳಗಿನ ಗಾಡಿಯಲ್ಲಿ ಕೂರಲು ಜಾಗ ಸಿಗಲಿಲ್ಲ. ಭರೂಚ್ ದಾಟಿ ನರ್ಮದೆಯ ಸೇತುವೆ ಬರುವತನಕ ನಿಂತೇ ಇದ್ದ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಜೋಡಿಸಿದ. ಜೋಡಿಸಿದಷ್ಟೂ ಅದು ತನ್ನನ್ನು ತಾನು ಕಾಪಾಡಿಕೊಳ್ಳುವ ಮಾತಾಗುತ್ತಿತ್ತು. ಬಸ್ಸು, ಹಬ್ಬ, ನಿದ್ದೆಗೆಟ್ಟದ್ದು ಎಲ್ಲ ಒಳಗೆ ಬಂದು ಸೇರಿಕೊಳ್ಳುತ್ತಿದ್ದವು. ಕೊನೆಗೆ ಜೋಡಿಸುವುದನ್ನೇ ಬಿಟ್ಟ.

ಹಳೆಯ ಕಾರ್ಖಾನೆಯ ಒಬ್ಬರಿಂದ ವಿಳಾಸ ತೆಗೆದುಕೊಂಡಿದ್ದ. ಸಿದ್ದಲಿಂಗಪ್ಪನ ಮನೆ ವರಾಛಾದ ಒಂದು ಓಣಿಯಲ್ಲಿ, ಮೂರನೆಯ ಮಾಳಿಗೆಯಲ್ಲಿತ್ತು. ಕೆಳಗಿನ ಎರಡು ಮಾಳಿಗೆಗಳಲ್ಲಿ ವಜ್ರ ಉಜ್ಜುವ ಚಕ್ರಗಳು ತಿರುಗುತ್ತಿದ್ದು ಮೆಟ್ಟಿಲೆಲ್ಲ ಸಣ್ಣಗೆ ನಡುಗುತ್ತಿತ್ತು. ಸಿದ್ದಲಿಂಗಪ್ಪನ ಹೆಂಡತಿ ಸೀತಾ ಕಟ್ಟಿಗೆಯ ಚೌಕಟ್ಟಿಗೆ ಸೀರೆ ಬಿಗಿದು, ಅಂಟು ಹಚ್ಚಿ ಹೊಳೆಯುವ ಹರಳು ಕೂರಿಸುತ್ತಿದ್ದಳು. ಅವನನ್ನು ಗುರುತಿಸಲು ಅವಳಿಗೆ ಒಂದು ಗಳಿಗೆ ಹಿಡಿಯಿತು.

“ಅಯ್ಯ, ದೇವಪುತ್ರಣ್ಣಾ! ಕೂದಲೆಲ್ಲಾ ಎಲ್ಲಿ ಬಿಟ್ಟು ಬಂದ್ರಿ?”

“ವಡೋದರಾದ ನೀರು, ಸೀತವ್ವ.”

“ನೀರಿನ ಮ್ಯಾಲ ಯಾಕ ಹಾಕ್ತೀರಿ. ಬರ್ರಿ, ಕುಂದರ್ರಿ. ಸೀರಿ ತುಳೀಬ್ಯಾಡ್ರಿ ಮತ್ತ, ಸಂಜೀಕ ಮೂರು ಮುಗಿಸಿ ಕೊಡಬೇಕು.” ನೀರು ಕೊಟ್ಟು ಅವನ ಬ್ಯಾಗಿನ ಕಡೆ ನೋಡಿದಳು. “ಮಗಳ ಮದುವಿ ಕಾರ್ಡು ತಂದೀರೇನು?”

“ಇಲ್ಲವ್ವ. ಸಿದ್ದಲಿಂಗಪ್ಪನ್ನ ನೋಡಾಕ ಬಂದೇನಿ.”

“ಬರೇ ನೋಡಾಕ? ಹಂಗ ಯಾರೂ ಬರೂದಿಲ್ಲಪಾ ಈ ಊರಾಗ,” ಎಂದು ನಕ್ಕು ಅನ್ನಕ್ಕಿಟ್ಟಳು.

ಒಂದು ಗಂಟೆಗೆ ಸಿದ್ದಲಿಂಗಪ್ಪ ಊಟಕ್ಕೆ ಬಂದ. ಬೆನ್ನು ಬಾಗಿತ್ತು, ಮೀಸೆ ಬೆಳ್ಳಗಾಗಿತ್ತು. ಬಂದವನೇ ದೇವಪುತ್ರನ ಎರಡೂ ಭುಜ ಹಿಡಿದು ಅಲ್ಲಾಡಿಸಿದ. ಪಕ್ಕದ ವಜ್ರದ ಕಾರ್ಖಾನೆಯ ಬಾಗಿಲಲ್ಲಿ ಕೂತು, ಹೊರಗೆ ಹೋಗುವ ಕೆಲಸಗಾರರ ಜೇಬು, ಚಪ್ಪಲಿ ತಪಾಸಣೆ ಮಾಡುವುದು ಅವನ ಕೆಲಸ.

“ವಜ್ರ ಹೆಂಗಿರ್ತಾವ ಅಂತ ನನಗ ಯಾರೂ ತೋರಿಸಿಲ್ಲೋ ಮಾರಾಯಾ. ಕದ್ದಾರೇನು ನೋಡು ಅಂತ ಅಷ್ಟ ಕುಂದರ್ಸ್ಯಾರ. ಯಾವನರೆ ಸಕ್ರಿ ಹಳ್ಳು ಇಟಗೊಂಡು ಹೊಂಟ್ರೂ ಹಿಡದು ಬಿಡ್ತೇನಿ.”

ಮೂವರೂ ನಕ್ಕರು. ಸೀತಾ ಇಬ್ಬರಿಗೂ ತಾಟು ಇಟ್ಟಳು. ದೇವಪುತ್ರ ಕಟ್ಟಿಕೊಂಡು ಬಂದ ರೊಟ್ಟಿಯನ್ನೂ ಬಿಚ್ಚಿದಳು.

“ಛಲೋ ಆತು ಇವತ್ತ ಬಂದಿ,” ಎಂದ ಸಿದ್ದಲಿಂಗಪ್ಪ. “ನಾಳೆ ಬಂದಿದ್ರ ಸಿಗತಿದ್ದಿಲ್ಲ. ನಾಳೆ ನನ್ನ ವಟ್ವಾದ ಪಾಳಿ.”

“ವಟ್ವಾದಾಗ ಏನು?”

“ರಮಣಭಾಯಿ ಅದಾನಲ್ಲ. ಅವಗ ಎರಡೂ ತೋಳು ಮ್ಯಾಲೆ ಏಳೂದಿಲ್ಲ, ಕಂಕಳ ಚರ್ಮ ಜಗ್ಗಿ ಹಿಡದೈತಿ. ಹೆಂಡತಿ ತೀರಿಕೊಂಡ್ಳು. ಅಕ್ಕ ಒಬ್ಬಾಕಿ ಕೂಳು ಬೇಯಿಸಿ ಹಾಕ್ತಾಳ. ಗಂಡಸು ಮನಶಾನ ಮೈ ಆಕಿ ಹೆಂಗ ತೊಳೀತಾಳ? ಒದ್ದಿ ಅರಿವಿಲೆ ಒರಸ್ತಾಳ ಅಷ್ಟ. ವಾರ ಬಿಟ್ಟು ವಾರ ನಾ ಹೋಗಿ ದಾಡಿ ಮಾಡಿ, ಎರದು, ಎಣ್ಣಿ ಹಚ್ಚಿ ಬರ್ತೇನಿ.”

“ಹನ್ನೊಂದು ವರ್ಷದಾಗ ಒಂದು ಹಬ್ಬ ಮನ್ಯಾಗ ನೆಟ್ಟಗ ಉಂಡಿಲ್ಲ ನೋಡ್ರಿ,” ಎಂದಳು ಸೀತಾ. “ಹೋಗಾಕ ನಾಕು ತಾಸು, ಬರಾಕ ನಾಕು ತಾಸು. ಸೋಮವಾರ ಕೆಲಸದ ಮ್ಯಾಲೆ ತೂಕಡಸ್ತಾರ, ಅಲ್ಲೀನೂ ಬೈಸಿಗೊಂತಾರ.”

“ಕೈಯಿಂದ ಆಗಿದ್ದನ್ನ ಕೈಲೇ ತೊಳೀಬೇಕಲ್ಲೇ ಹುಚ್ಚಿ,” ಎಂದ ಸಿದ್ದಲಿಂಗಪ್ಪ, ಬಹಳ ಸಲ ಹೇಳಿದ ಮಾತನ್ನು ಹೇಳುವಂತೆ.

ಇದು ದೇವಪುತ್ರನಿಗೆ ತಿಳಿದಿರಲಿಲ್ಲ. ಕೆಲಸ ಹೋದವನು ಸೂರತ್ತಿನಲ್ಲಿ ಬೇರೆ ಕೆಲಸ ಹಿಡಿದು ಬದುಕಿದ್ದಾನೆ ಎಂದಷ್ಟೇ ಅಂದುಕೊಂಡಿದ್ದ. ಈಗ ಅವನಿಗೆ ಒಂದು ಯೋಚನೆ ಬಂತು. ಈ ಮನುಷ್ಯ ತನ್ನ ಭಾರಕ್ಕೆ ಹೊಂದಿಕೊಂಡಿದ್ದಾನೆ. ಎತ್ತಿನ ಹೆಗಲಲ್ಲಿ ನೊಗ ಕೂರುವ ಜಾಗ ಗಟ್ಟಿಯಾಗುವಂತೆ ಇವನೊಳಗೂ ಏನೋ ಗಟ್ಟಿಯಾಗಿದೆ. ಸುಮ್ಮನೆ ಉಂಡು, ಕೈ ತೊಳೆದು ಎದ್ದರೆ ಯಾರಿಗೂ ಏನೂ ಆಗುವುದಿಲ್ಲ. ಹೇಳುವುದೇ ಕ್ರೂರವಾದೀತು. ಆ ಯೋಚನೆ ಬಹಳ ಕರುಣೆಯದಾಗಿ ಕಂಡಿತು. ಹನ್ನೊಂದು ವರ್ಷ ಅವನಿಗೆ ಹೊಳೆದ ಎಲ್ಲ ನೆವಗಳೂ ಹೀಗೆ ಕರುಣೆಯದಾಗಿಯೇ ಕಂಡಿದ್ದವು.

“ಸಿದ್ದಲಿಂಗಪ್ಪಾ,” ಎಂದ. “ಆ ವಾಲ್ವು ನೀ ತಿರುವಿದ್ದಲ್ಲ.”

“ಯಾವ ವಾಲ್ವು?”

“ಎಡಕ್ಕಿಂದು. ನಾ ಬಿಟ್ಟಿದ್ದೆ, ಐದೂವರಿಗೆ. ಮುಚ್ಚೂದು ಮರತೆ.”

ಅನ್ನ ಕಲಸುತ್ತಿದ್ದ ಸಿದ್ದಲಿಂಗಪ್ಪನ ಕೈ ನಿಂತಿತು.

“ಹಂಗಾರ ನಾ ಮುಟ್ಟಿದ್ದು ಬಲಕ್ಕಿಂದು?”

“ಬಲಕ್ಕಿಂದು.”

“ನೀರಿಂದು.”

“ಹೂಂ, ನೀರಿಂದು.”

ಸಿದ್ದಲಿಂಗಪ್ಪ ಗೋಡೆಯ ಕಡೆ ನೋಡುತ್ತ ನಿಧಾನವಾಗಿ ಹೇಳಿದ: “ನಾ ಎರಡು ದಿವಸ ಹಂಗ ಹೇಳಿದ್ದೆ. ಮೂರನೇ ದಿವಸ ಸಾಹೇಬ ಅಂದ, ನೆನಪು ಮಾಡ್ಕೋ, ಕೈ ತಪ್ಪಿರಬೇಕು ಅಂತ. ನೆನಪು ಮಾಡ್ಕೊಂತ ಕುಂತೆ. ಕುಂತಾಂಗ ಕೈ ತಪ್ಪಿದ್ದು ನೆನಪಾತು. ಕಣ್ಣಿಗೆ ಕಟ್ಟಿದಂಗ ನೆನಪಾತು. ಈಗೂ ಹಂಗ ಐತಿ ನೋಡು, ನನ್ನ ಕೈ ಎಡಕ್ಕಿಂದರ ಮ್ಯಾಲ ಐತಿ.”

ಕೆಳಗಿನ ಚಕ್ರಗಳ ಸದ್ದು ಊಟದ ಹೊತ್ತಿಗೆ ನಿಂತುಹೋಗಿತ್ತು.

“ನಮ್ಮವ್ವ ಸಾಯೂ ಮುಂದ,” ಎಂದ ಸಿದ್ದಲಿಂಗಪ್ಪ, “ನಿನ್ನ ಕೈಲೆ ಒಬ್ಬಾತನ ಕಣ್ಣು ಹೋದುವಲ್ಲೋ ಮಗನ ಅಂತ ಅಂದು ಸತ್ಲು. ಈಗ ಆಕಿಗೆ ಯಾರು ಹೇಳಬೇಕು?”

ಸೀತಾ ಎದ್ದು ನಿಂತಿದ್ದಳು. ಅವಳ ಬೆರಳ ತುದಿಗೆ ಎರಡು ಹರಳು ಅಂಟಿಕೊಂಡಿದ್ದವು. ದೇವಪುತ್ರನ ತಾಟು ನೋಡಿದಳು.

“ಅನ್ನದ ಮುಂದಿಂದ ಎಬ್ಬಿಸಬಾರದು,” ಎಂದಳು ಕೊನೆಗೆ. “ಉಣ್ಣಲಿ. ಉಂಡು ಹೋಗಲಿ.”

ದೇವಪುತ್ರ ಉಂಡ. ತಾಟಿನಲ್ಲಿದ್ದದ್ದನ್ನು ಒಂದಗುಳೂ ಬಿಡದೆ ಉಂಡ. ಕೈ ತೊಳೆದು ಬಂದು, “ನನ್ನನ್ನ ಕ್ಷಮಾ ಮಾಡು,” ಎಂದ.

“ಇವತ್ತ ಯಾಕ ಬಂದಿ?” ಎಂದು ಕೇಳಿದ ಸಿದ್ದಲಿಂಗಪ್ಪ. “ಹೋದ ವರ್ಷ ಬರಬಹುದಿತ್ತು. ಅವ್ವ ಇದ್ದಾಗ ಬರಬಹುದಿತ್ತು.”

“ನಾಳೆ ನಮ್ಮ ಗುಡಿಯೊಳಗ ಭೋಜನ ಐತಿ. ಹಿಂಗ ಮನಸಿನ್ಯಾಗ ಇಟಗೊಂಡು ಅದನ್ನ ತಗೋಬಾರದು. ಹನ್ನೊಂದು ವರ್ಷ ತಗೊಂಡಿಲ್ಲ.”

“ಅಂದ್ರ ನಾಳೆ ನಿನಗ ರೊಟ್ಟಿ ಬೇಕು, ಅದಕ್ಕ ಇವತ್ತ ನನ್ನ ಮನಿಗೆ ಬಂದಿ.”

ದೇವಪುತ್ರ ಬೇರೆ ರೀತಿಯಲ್ಲಿ ಹೇಳಲು ನೋಡಿದ. ಬೇರೆ ರೀತಿ ಇರಲಿಲ್ಲ. “ಹೌದು,” ಎಂದ.

ಸಿದ್ದಲಿಂಗಪ್ಪ ತಾಟು ಪಕ್ಕಕ್ಕೆ ಸರಿಸಿದ. ಬಯ್ದಿದ್ದರೆ ಒಳ್ಳೆಯದಿತ್ತು. ಅವನ ಮುಖದಲ್ಲಿ ಸಿಟ್ಟಿಗಿಂತ ಸುಸ್ತು ಕಾಣುತ್ತಿತ್ತು. ತಪ್ಪು ದಾರಿಯಲ್ಲಿ ಬಹಳ ದೂರ ನಡೆದವನಿಗೆ ನಡುದಾರಿಯಲ್ಲಿ ಯಾರೋ ಊರು ಇತ್ತ ಇಲ್ಲ ಎಂದಂತೆ ಕೂತಿದ್ದ.

“ಕ್ಷಮಾ ಗಿಮಾ ನನಗೀಗ ತಿಳಿಯೂದಿಲ್ಲ,” ಎಂದ. “ನಾಳೆ ನಾ ಹೋಗೂದಿಲ್ಲ. ನೀ ಹೋಗು. ಮುಂಜಾನಿ ಒಂಬತ್ತರೊಳಗ ಹೋಗಬೇಕು, ಆಮ್ಯಾಲೆ ನಳ ನಿಂದರ್ತಾವ. ಮನಿ ಗುರ್ತು ಸೀತಾ ಹೇಳ್ತಾಳ, ನಿನ್ನ ಫೋನ್ ನಂಬರು ಆಕೀ ಕಡೆ ಕೊಟ್ಟು ಹೋಗು. ಮತ್ತ ಅವಗ ನೀನ ಹೇಳು. ನಾ ಹೇಳೂದಿಲ್ಲ.”

ಕೆಲಸಕ್ಕೆ ಹೊತ್ತಾಯಿತೆಂದು ಅವನು ಎದ್ದು ಚಪ್ಪಲಿ ಮೆಟ್ಟಿದ. ಮೆಟ್ಟಿಲ ಬಳಿ ನಿಂತು, ತಿರುಗದೆ, “ಸಾಬಾಣ ಹಸರಂದು ತಗೊಂಡು ಹೋಗು. ಕೆಂಪಂದು ಉರೀತೈತಿ ಅವಗ,” ಎಂದ.

*

ಒಂಬತ್ತರೊಳಗೆ ವಟ್ವಾದಲ್ಲಿರಬೇಕು. ಹನ್ನೊಂದಕ್ಕೆ ವಡೋದರಾದಲ್ಲಿ ಆರಾಧನೆ. ಗಾಡಿಯ ವೇಳೆ ಎಷ್ಟು ಕೂಡಿಸಿ ಕಳೆದರೂ ಎರಡೂ ಆಗುವುದಿಲ್ಲ. ಮುಂದಿನ ಭೋಜನ ಮೂರು ತಿಂಗಳಿಗೆ.

ಶನಿವಾರ ಸಂಜೆ ಮನೆಗೆ ಬಂದಾಗ ಮಹಿಮಾ ಅಯ್ಯನವರಿಗಾಗಿ ಹೊರಗಿನ ಕೋಣೆಯಲ್ಲಿ ಹಾಸಿಗೆ ಹಾಸುತ್ತಿದ್ದಳು. ಪುಸ್ತಕ ಮೇಜಿನ ಮೇಲಿತ್ತು.

“ನಲವತ್ತೆರಡನೇದು ಬರದೇನಿ,” ಎಂದಳು. “ನಿಮ್ಮ ಹೆಸರು. ಹೋಗಿ ಬಂದೀರಲ್ಲ.”

“ಹೊಡದು ಹಾಕು.”

ಅವನು ನಡೆದದ್ದನ್ನೆಲ್ಲ ಹೇಳಿದ. ಅವಳು ದಿಂಬಿನ ಚೀಲ ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು. ಅವಳ ಕಣ್ಣು ತುಂಬಿತು. ಅವನ ಸಲುವಾಗಿಯೋ, ಸಿದ್ದಲಿಂಗಪ್ಪನ ಸಲುವಾಗಿಯೋ ಅವನಿಗೆ ತಿಳಿಯಲಿಲ್ಲ.

“ಆತ ಬೇಕಂತ ಹಂಗ ಮಾಡ್ಯಾನ. ನಾಳೆ ತಪ್ಪಿಸಬೇಕಂತ.”

“ಇರಬಹುದು.”

“ಮುಂದಿನ ವಾರ ಹೋದ್ರ ಆಗೂದಿಲ್ಲೇನು?”

“ಅವ ಹೋಗೂದಿಲ್ಲ ನಾಳೆ. ನಾನೂ ಹೋಗದಿದ್ರ ರಮಣಭಾಯಿ ಕಾಕೋಂತ ಕುಂದರ್ತಾನ.”

ಮಹಿಮಾ ದಿಂಬಿಗೆ ಚೀಲ ಹಾಕಿ ಎರಡು ಸಲ ಬಡಿದಳು. ಆಮೇಲೆ ನರ್ಸಿನ ದನಿಯಲ್ಲಿ, “ಬಿಸಿನೀರು ನಿಮ್ಮ ಮೊಳಕೈಲೇ ನೋಡ್ರಿ, ಸುಟ್ಟ ಚರ್ಮಕ್ಕ ಬಿಸಿ ತಿಳಿಯೂದಿಲ್ಲ. ಒರಸೂ ಮುಂದ ತಿಕ್ಕಬ್ಯಾಡ್ರಿ, ಒತ್ತಿ ತಗೀರಿ,” ಎಂದಳು. ಪೆನ್ನು ತೆಗೆದುಕೊಂಡು ಪುಸ್ತಕದಲ್ಲಿ ಒಂದು ಗೆರೆ ಎಳೆದಳು.

*

ವಟ್ವಾದ ಗಾಳಿ ಬದಲಾಗಿರಲಿಲ್ಲ. ಸ್ಟೇಷನ್ನಿನಲ್ಲಿ ಇಳಿಯುತ್ತಲೇ ಗಂಟಲು ಕೆರೆಯಿತು. ರಮಣಭಾಯಿಯ ಮನೆ ಒಂದು ಚಾಳಿನ ಕೊನೆಯ ಕೋಣೆ. ಅವನ ಅಕ್ಕ ಜಮನಾಬೆನ್ ಒಲೆಯ ಮೇಲೆ ನೀರು ಕಾಯಿಸಿ ಇಟ್ಟಿದ್ದಳು. ರಮಣಭಾಯಿ ಅಂಗಿ ಬಿಚ್ಚಿ, ಬಚ್ಚಲಿನ ಪಕ್ಕದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ತಯಾರಾಗಿ ಕೂತಿದ್ದ. ಕಾಲಿನ ಸಪ್ಪಳಕ್ಕೆ ಮುಖ ತಿರುಗಿಸಿದ.

“ಇದು ಸಿದ್ಧುಭಾಯಿಯ ಚಪ್ಪಲಿ ಅಲ್ಲ. ಯಾರು?” ಎಂದು ಹಿಂದಿಯಲ್ಲಿ ಕೇಳಿದ.

ದೇವಪುತ್ರ ಹೆಸರು ಹೇಳಿದ. ಹಳೆಯ ಕಾರ್ಖಾನೆಯ ಕೆಮಿಸ್ಟ್ ಎಂದ. ಮೈ ಮುಟ್ಟುವ ಮೊದಲೇ ಹೇಳಬೇಕೆಂದು ದಾರಿಯಲ್ಲಿ ನಿಶ್ಚಯಿಸಿಕೊಂಡಿದ್ದ. ನಿಂತಲ್ಲಿಂದಲೇ ಹೇಳಿದ. ತನ್ನ ಹಿಂದಿ ಅಷ್ಟು ಚೆನ್ನಾಗಿಲ್ಲದ್ದು ಒಳ್ಳೆಯದೇ ಆಯಿತು, ನಾಲ್ಕು ಮಾತಿನಲ್ಲಿ ಮುಗಿಯಿತು. ಜಮನಾಬೆನ್ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ರಮಣಭಾಯಿ ಅಲುಗಾಡಲಿಲ್ಲ.

“ಸಿದ್ಧುಭಾಯಿಗೆ ಗೊತ್ತಾ?”

“ನಿನ್ನೆ ಹೇಳಿದೆ.”

“ಅದಕ್ಕೇ ಬರಲಿಲ್ಲ.”

“ಹೌದು.”

“ಇನ್ನು ಬರುವುದೇ ಇಲ್ಲವಾ ಅವನು?”

“ಗೊತ್ತಿಲ್ಲ,” ಎಂದ ದೇವಪುತ್ರ. ರಮಣಭಾಯಿಯ ಮುಖ ಆಗ ಕೆಂಪಾಯಿತು. “ಕಣ್ಣು ಹೋದದ್ದು ಹಳೆಯ ಮಾತು,” ಎಂದ. “ಎಡದ್ದೋ ಬಲದ್ದೋ, ನೀನೋ ಅವನೋ, ನನಗೆ ಕಾಣುವುದಿಲ್ಲ. ಅವನು ಬರುತ್ತಿದ್ದ. ಬಯ್ಯುತ್ತ ದಾಡಿ ಮಾಡುತ್ತಿದ್ದ. ಸೂರತ್ತಿನ ಸುದ್ದಿಯೆಲ್ಲ ಹೇಳುತ್ತಿದ್ದ. ಹದಿನೈದು ದಿನಕ್ಕೊಮ್ಮೆ ನನಗೆ ಒಬ್ಬ ಮನುಷ್ಯ ಇದ್ದ. ಅವನಿಗೆ ಹೋಗಿ ಯಾಕೆ ಹೇಳಿದೆ? ಯಾರು ಕೇಳಿದ್ದರು ನಿನ್ನನ್ನು?”

ಕೇಳಿದ್ದು ದೇವರೆಂದು ಹೇಳಬಹುದಿತ್ತು. ಆ ಮಾತು ಆ ಬಚ್ಚಲಿನ ಎದುರಿಗೆ ಬಾಯಿಗೆ ಬರಲಿಲ್ಲ. ದೇವಪುತ್ರ ಪ್ಯಾಂಟು ಮಡಿಸಿ, ಬಕೆಟ್ಟಿನ ನೀರಿಗೆ ಮೊಳಕೈ ಅದ್ದಿ ನೋಡಿದ.

“ಎರೆಯಲಾ, ಹೋಗಲಾ?” ಎಂದು ಕೇಳಿದ.

ರಮಣಭಾಯಿ ಸ್ಟೂಲನ್ನು ಬಚ್ಚಲಿನ ಕಡೆ ಸರಿಸಿಕೊಂಡ. “ನೀರು ಕಾಯಿಸಿದ್ದಾಗಿದೆ,” ಎಂದ.

ದೇವಪುತ್ರ ಎರೆದ. ಎದೆಯ ಚರ್ಮ ಕರಗಿ ಗಟ್ಟಿಯಾದ ಮೇಣದಂತೆ ಮಡಿಕೆ ಮಡಿಕೆಯಾಗಿತ್ತು. ಹನ್ನೊಂದು ವರ್ಷ ತಾನು ಮನಸ್ಸಿನಲ್ಲೇ ನೋಡಿದ್ದಕ್ಕೂ ಇದಕ್ಕೂ ಹೋಲಿಕೆಯೇ ಇರಲಿಲ್ಲ. ಇದು ಒಂದು ಮೈ. ಅದಕ್ಕೆ ಬೆವರಿನ ವಾಸನೆಯಿತ್ತು. ಕಂಕುಳಿನಲ್ಲಿ ಎರಡು ಬೆರಳು ಮಾತ್ರ ಹೋಗುತ್ತಿದ್ದವು. “ಮೆಲ್ಲಗೆ. ನೀನು ಪಾತ್ರೆ ತಿಕ್ಕುತ್ತಿಲ್ಲ,” ಎಂದ ರಮಣಭಾಯಿ. ದೇವಪುತ್ರ ಮೆಲ್ಲಗೆ ತೊಳೆದ. ಸೊಂಟ ನೋಯತೊಡಗಿತು. ಬೆನ್ನಿಗೆ ಸಾಬೂನು ಹಚ್ಚುವಾಗ ಕಿಟಕಿಯಲ್ಲಿಟ್ಟಿದ್ದ ಅವನ ಫೋನು ಬಡಿದುಕೊಂಡಿತು.

ಸಿದ್ದಲಿಂಗಪ್ಪನ ಫೋನು.

“ಹೋಗೀಯೇನು?”

“ಬಂದೇನಿ. ಎರಿಯಾಕತ್ತೇನಿ.”

“ಕಂಕಳದಾಗ ನೀರು ನಿಂದರಬಾರದು. ಅರಿವಿ ತುದಿ ಹಾಕಿ ಒರಸು. ಆಮ್ಯಾಲೆ ಎಣ್ಣಿ.” ಸ್ವಲ್ಪ ತಡೆದು ಕೇಳಿದ: “ಹೇಳಿದೆ ಅವಗ?”

“ಹೇಳಿದೆ.”

“ಏನಂದ?”

ದೇವಪುತ್ರ ಬಾಯಿ ತೆರೆಯುವಷ್ಟರಲ್ಲಿ ರಮಣಭಾಯಿ ನೊರೆ ತುಂಬಿದ ಮುಖವನ್ನು ಸದ್ದಿನ ಕಡೆ ಚಾಚಿದ. “ಸಿದ್ಧುಭಾಯಿಯಾ? ಕೊಡು ಇಲ್ಲಿ.”

ದೇವಪುತ್ರ ಕೈ ಒರೆಸಿಕೊಂಡು ಫೋನಿನ ಸ್ಪೀಕರ್ ಗುಂಡಿ ಒತ್ತಹೋದ.

“ಸ್ಪೀಕರ್ ಬೇಡ. ಕಿವಿಗೆ ಹಿಡಿ,” ಎಂದ ರಮಣಭಾಯಿ.

ಅವನು ಕಿವಿಗೆ ಹಿಡಿದ. ರಮಣಭಾಯಿ ಮೊದಲು ಬೈದ. ಆಮೇಲೆ ದನಿ ತಗ್ಗಿಸಿದ. ಆಮೇಲೆ ಕೇಳುತ್ತ ಕೂತ. ಆ ಕಡೆಯ ಮಾತು ದೇವಪುತ್ರನಿಗೆ ಕೇಳಿಸುತ್ತಿರಲಿಲ್ಲ, ಕೇಳಿಸಿಕೊಳ್ಳಲು ಅವನು ಹೋಗಲೂ ಇಲ್ಲ. ಜಮನಾಬೆನ್ ಬಕೆಟ್ಟಿಗೆ ಇನ್ನೊಂದು ಚೆಂಬು ಬಿಸಿನೀರು ಸುರಿದು ಹೋದಳು. ಬೆನ್ನಿನ ಮೇಲಿನ ನೊರೆ ಒಣಗುತ್ತ ಬಂತು. ದೇವಪುತ್ರ ಎಡಗೈಯಿಂದ ನೀರು ಮೊಗೆದು, ಮಾತಿಗೆ ಅಡ್ಡಿಯಾಗದಂತೆ, ಸದ್ದಿಲ್ಲದೆ ಬೆನ್ನಿಗೆ ಬಿಟ್ಟ. ಹತ್ತು ನಿಮಿಷವಾಯಿತು, ಕಾಲು ಗಂಟೆಯಾಯಿತು. ಎತ್ತಿ ಹಿಡಿದ ತೋಳು ಭುಜದಿಂದ ನಡುಗತೊಡಗಿತು.

“ಅಲುಗಾಡಿಸಬೇಡ,” ಎಂದ ರಮಣಭಾಯಿ.

ದೇವಪುತ್ರ ಫೋನನ್ನು ಇನ್ನೊಂದು ಕೈಗೆ ಬದಲಾಯಿಸಿ, ಸುತ್ತಿ ಬಂದು ಅವನ ಮತ್ತೊಂದು ಕಿವಿಯ ಕಡೆ ನಿಂತ.